ಒಂಬೈನೂರು ರೂಪಾಯಿ ಕೂದಲು, ಇಪ್ಪತ್ತು ನಿಮಿಷದ ಗಾಳಿ

ಮೊದಲೇ ಹೇಳಿಬಿಡ್ತೀನಿ, ಇದು ಬ್ಯೂಟಿ ಟಿಪ್ಸ್ ಲೇಖನ ಅಲ್ಲ. ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ಕ್ಲಬ್ಬಿನ ಸೀನಿಯರ್ಸ್ ತಿದ್ದಿರ್ತಾರೆ, ಅಭಿಪ್ರಾಯ ಮಾತ್ರ ನಂದೇ. ಪ್ರಶ್ನೆ ಇಷ್ಟೇ: ಬೋಟ್ ಕ್ರೂಸ್‌ಗೆ ಹೋಗುವಾಗ ಸಲೂನಿಗೆ ರೊಕ್ಕ ಕೊಟ್ಟು ಕೂದಲು ಸೆಟ್ ಮಾಡಿಸಿಕೊಳ್ಳೋದು ವರ್ತಾ? ಅಲ್ಲ ಅಂತ ನನ್ನ ಉತ್ತರ. ಆದರೆ ಆ ‘ಅಲ್ಲ’ಕ್ಕೆ ನಮ್ಮ ಹುಡುಗರು ಕೊಡೋ ಕಾರಣ ಬೇರೆ, ನನ್ನ ಕಾರಣ ಬೇರೆ.

ಡಿಸೆಂಬರ್‌ನಲ್ಲಿ ನಮ್ಮ ಬ್ರಾಂಚಿನ ಇಂಡಸ್ಟ್ರಿಯಲ್ ವಿಸಿಟ್ ಗೋವಾಕ್ಕೆ ಹೋಗಿತ್ತು. ಇಂಡಸ್ಟ್ರಿ ಅರ್ಧ ದಿನ, ವಿಸಿಟ್ ಎರಡೂವರೆ ದಿನ, ಇದು ನಿಮಗೆಲ್ಲ ಗೊತ್ತಿದ್ದದ್ದೇ. ಎರಡನೇ ದಿನ ಸಂಜೆ ಪಣಜಿಯಲ್ಲಿ ಮಾಂಡೋವಿ ನದಿ ಮೇಲೆ ಬೋಟು. ಸುಮಾರು ಒಂದು ತಾಸು, ಡೆಕ್ ಮೇಲೆ ಡಿಜೆ, ಡ್ಯಾನ್ಸು. ನಾವು ಉಳಿದಿದ್ದ ಲಾಡ್ಜಿನ ಹತ್ತಿರ ಒಂದು ಸಲೂನ್ ಇತ್ತು. ನಾನೂ ನನ್ನ ರೂಮ್‌ಮೇಟೂ ಹೋಗಿ ಬ್ಲೋ ಡ್ರೈ, ಅದರ ಮೇಲೆ ಸಾಫ್ಟ್ ಕರ್ಲ್ಸ್ ಮಾಡಿಸಿಕೊಂಡ್ವಿ. ಹೊರಗೆ ಬೋರ್ಡಿನಲ್ಲಿ ಇದ್ದದ್ದು 600. ‘ಉದ್ದ ಕೂದಲಿಗೆ ಎಕ್ಸ್‌ಟ್ರಾ’ ಅಂತ ಕುರ್ಚಿ ಮೇಲೆ ಕೂತು ತಲೆ ಒದ್ದೆ ಆದಮೇಲೆ ಹೇಳಿದ್ರು. ಒಬ್ಬೊಬ್ಬರಿಗೆ 900 ಆಯ್ತು. ಅದು ಅಪ್ಪ ಮೆಸ್ ಬಿಲ್ಲಿಗೆ ಅಂತ ಹಾಕಿದ್ದ ರೊಕ್ಕ.

ಬೋಟು ದಂಡೆ ಬಿಟ್ಟು ಇಪ್ಪತ್ತು ನಿಮಿಷ ಆಗಿರಲಿಲ್ಲ. ಸುರುಳಿ ಎಲ್ಲ ಬಿಚ್ಚಿ, ಮೇಲಿನ ಕೂದಲು ನೆಟ್ಟಗೆ ಎದ್ದು, ಸ್ಪ್ರೇ ಹೊಡೆದಿದ್ದಕ್ಕೆ ಅಂಟಂಟಾಗಿ, ಫೋಟೋದಲ್ಲಿ ನನ್ನ ಮುಖವೇ ಕಾಣಲಿಲ್ಲ. ಹಿಂದಿನಿಂದ ಒಬ್ಬ ಕೂಗಿದ, ‘ಏ, ಬೈಲಹೊಂಗಲ ಜಿನ್ನಿಂಗ್ ಫ್ಯಾಕ್ಟರಿಂದ ಸೀದಾ ಬಂದೀ ಏನ?’ ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ 900 ಅನ್ನೋ ನಂಬರ್ ತಿರುಗ್ತಾನೇ ಇತ್ತು.

ವಾಪಸ್ ಬರುವಾಗ ಚೋರ್ಲಾ ಘಾಟಿನಲ್ಲಿ ಬಸ್ಸಿನೊಳಗೆ ಕೂತು, ಇದು ಯಾಕೆ ಹೀಗಾಯ್ತು ಅಂತ ಓದಿದೆ. ನಮ್ಮ ಕೆಮಿಸ್ಟ್ರಿ ಪುಸ್ತಕದಲ್ಲೇ ಇರೋ ವಿಷಯ. ಕೂದಲು ಅಂದರೆ ಕೆರಾಟಿನ್ ಅನ್ನೋ ಪ್ರೋಟೀನ್. ಅದರೊಳಗೆ ಎರಡು ಥರದ ಬಂಧ ಇಲ್ಲಿ ಮುಖ್ಯ. ಒಂದು ಡೈಸಲ್ಫೈಡ್, ಗಟ್ಟಿ ಬಂಧ. ಪರ್ಮನೆಂಟ್ ಸ್ಟ್ರೇಟ್ನಿಂಗ್ ಮಾಡುವಾಗ ಕೆಮಿಕಲ್ ಹಾಕಿ ಮುರಿಯೋದು ಇದನ್ನೇ. ಇನ್ನೊಂದು ಹೈಡ್ರೋಜನ್ ಬಂಧ. ಇದು ನೀರು ತಾಗಿದರೂ ಮುರಿಯುತ್ತೆ, ಬಿಸಿ ತಾಗಿದರೂ ಮುರಿಯುತ್ತೆ. ಒಣಗಿ ತಣ್ಣಗಾಗುವಾಗ ಕೂದಲು ಯಾವ ಆಕಾರದಲ್ಲಿರುತ್ತೋ ಆ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತೆ. ಬ್ಲೋ ಡ್ರೈ, ಕರ್ಲ್, ಐರನ್ ಎಲ್ಲ ನಿಂತಿರೋದು ಈ ಎರಡನೇ ಬಂಧದ ಮೇಲೆ. ಅಂದರೆ ನಾನು 900 ಕೊಟ್ಟು ಕೊಂಡದ್ದು ಹೈಡ್ರೋಜನ್ ಬಂಧ. ಅದನ್ನ ಬಿಚ್ಚೋಕೆ ಮಳೆ ಬೇಕಿಲ್ಲ, ಗಾಳಿಯಲ್ಲಿನ ಪಸೆ ಸಾಕು. ಸಮುದ್ರದ ಬಾಯಿಗೆ ಸೇರೋ ನದಿ ಮೇಲೆ, ಸಂಜೆ ಹೊತ್ತು, ಬಯಲು ಡೆಕ್ಕಿನಲ್ಲಿ ನಿಂತರೆ ಇನ್ನೇನಾಗುತ್ತೆ? ಸಲೂನಿನವರ ಕೈಗುಣದ ತಪ್ಪಲ್ಲ ಅದು. ನಾನು ತಪ್ಪು ಜಾಗಕ್ಕೆ ತಪ್ಪು ಕೆಲಸ ಕೊಂಡಿದ್ದೆ.

ಇಲ್ಲೊಂದು ತಮಾಷೆ ಇದೆ. ಆ ಮಾಂಡೋವಿ ಬೇರೆ ಯಾವುದೋ ನದಿ ಅಲ್ಲ, ನಾವು ಮಹದಾಯಿ ಅಂತ ಹೋರಾಟ ಮಾಡ್ತಿರೋದು ಅದೇ. ಹುಟ್ಟೋದು ನಮ್ಮ ಖಾನಾಪುರ ತಾಲೂಕಿನಲ್ಲಿ. ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟೋ ಮಲಪ್ರಭಾ ಮಾತ್ರ ಪೂರ್ವಕ್ಕೆ ತಿರುಗಿ ಸವದತ್ತಿ, ರಾಮದುರ್ಗದ ಕಡೆ ಬರ್ತಾಳೆ. ಒಂದು ಪಸೆಗಾಳಿ ಕಡೆ ಹೋಯ್ತು, ಇನ್ನೊಂದು ಒಣಗಾಳಿ ಕಡೆ ಬಂತು. ಕಳೆದ ಬೇಸಿಗೆಯಲ್ಲಿ ರಾಮದುರ್ಗದಲ್ಲಿ ನಮ್ಮ ಸಂಬಂಧಿಕರ ಮದುವೆ ಇತ್ತು. ಅಕ್ಕ ಬೆಳಗ್ಗೆ ಮಾಡಿಸಿಕೊಂಡ ಕರ್ಲ್ಸ್ ರಾತ್ರಿ ಊಟದವರೆಗೂ ಹಂಗೇ ಇದ್ದವು. ಅವಳ ಕೂದಲೂ ನನ್ನಂಥದ್ದೇ, ಹವಾ ಮಾತ್ರ ಬೇರೆ. ಹಾಗಾಗಿ ಸ್ಟೈಲಿಂಗ್‌ಗೆ ರೊಕ್ಕ ಕೊಡೋದು ದಂಡ ಅಂತ ನಾನು ಹೇಳ್ತಿಲ್ಲ. ಎಲ್ಲಿ ಕೊಡ್ತೀವಿ ಅನ್ನೋದು ಮುಖ್ಯ.

ಇನ್ನೊಂದು ಲೆಕ್ಕ ನನಗೆ ಹೆಚ್ಚು ಚುಚ್ಚಿದ್ದು. ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವಕ್ಕೆ ನಾವು ಆರು ಜನ ಡ್ಯಾನ್ಸ್ ಕೊಟ್ಟಿದ್ವಿ. ಬೈಲಹೊಂಗಲದಲ್ಲಿ ನಮ್ಮ ಕಾಕಿ ಮನೆ ಮುಂದಿನ ಖೋಲಿಯಲ್ಲಿ ಪಾರ್ಲರ್ ನಡೆಸ್ತಾಳೆ. ಒಂದು ಕನ್ನಡಿ, ಒಂದು ಕುರ್ಚಿ, ಕರೆಂಟ್ ಹೋದರೆ ಕೆಲಸ ಬಂದ್. ಆರೂ ಜನರಿಗೆ ತುರುಬು ಕಟ್ಟಿದ್ದು ಅವಳೇ. ಮಧ್ಯಾಹ್ನ ಹನ್ನೆರಡಕ್ಕೆ ಹಣಿಗೆ ಹಿಡಿದವಳು ನಾಲ್ಕಕ್ಕೆ ಚಹಾ ಕುಡಿದಳು. ಕೋಟೆ ಮುಂದಿನ ಧೂಳು, ಗದ್ದಲ, ಎರಡು ಸಲ ಕುಣಿತ, ರಾತ್ರಿ ಟೆಂಪೋದಲ್ಲಿ ವಾಪಸ್ಸು. ಒಬ್ಬರ ತುರುಬೂ ಅಲುಗಲಿಲ್ಲ. ಯಾಕಂದರೆ ಅದು ಹೈಡ್ರೋಜನ್ ಬಂಧದ ಮೇಲೆ ನಿಂತಿರಲಿಲ್ಲ. ಹೆರಳಿನ ಬಿಗಿ, ಪಿನ್ನು, ಎಳೆ ಎಳೆ ನಡುವಿನ ಘರ್ಷಣೆ, ಅಷ್ಟರ ಮೇಲೆ ನಿಂತಿತ್ತು. ಅದು ಅಪ್ಪಟ ಮೆಕ್ಯಾನಿಕಲ್ ಇಂಜಿನಿಯರಿಂಗ್. ನಾವು ಕಾಕಿಗೆ ಕೊಟ್ಟಿದ್ದೆಷ್ಟು? ‘ಥ್ಯಾಂಕ್ಯೂ ಕಾಕಿ.’ ಅಷ್ಟೇ. ಮನೆಯವಳಲ್ವಾ ಅಂತ. ಎರಡು ತಿಂಗಳಾದ ಮೇಲೆ ಗೊತ್ತಿಲ್ಲದ ಊರಿನಲ್ಲಿ 900 ಕೊಡುವಾಗ ಒಂದು ಮಾತು ಎದುರಾಡಲಿಲ್ಲ. ಊರಿನ ಪಾರ್ಲರಿನಲ್ಲಿ 50 ರೂಪಾಯಿಗೆ ಚೌಕಾಸಿ ಮಾಡಿ, ಎಸಿ ಇದ್ದಲ್ಲಿ ಸುಮ್ನೆ ಸ್ಕ್ಯಾನ್ ಮಾಡಿ ಬರ್ತೀವಿ. ಇದು ನನ್ನೊಬ್ಬಳ ಕಥೆ ಅಲ್ಲ ಅನ್ಕೊಂಡಿದೀನಿ.

ಇಷ್ಟೆಲ್ಲ ನಾನು ರೂಮ್‌ಮೇಟ್ ಹತ್ತಿರ ಹೇಳಿದಾಗ ಅವಳು ಒಪ್ಪಲಿಲ್ಲ. ‘ನನಗಂತೂ ವರ್ತ್ ಆತ ನೋಡ’ ಅಂದಳು. ಅವಳದು ಸವದತ್ತಿ ಹತ್ತಿರದ ಹಳ್ಳಿ. ಚಿಕ್ಕವಳಿದ್ದಾಗ ಒಮ್ಮೆ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಳಂತೆ. ಕೂದಲು ಸಿಕ್ಕುಗಟ್ಟಿ ಜಡೆ ಆಗಿತ್ತು. ಓಣಿಯವರು ‘ಯಲ್ಲಮ್ಮ ಬಂದಾಳ, ಕತ್ತರಿ ಹಚ್ಚಬ್ಯಾಡ್ರಿ’ ಅಂದರು. ಅಜ್ಜಿಯೂ ಹೆದರಿದ್ದಳು. ನಮ್ಮ ಸೀಮೆಯಲ್ಲಿ ಹುಡುಗಿ ತಲೆಯಲ್ಲಿ ಜಡೆ ಬಿದ್ದರೆ ಅದು ದೇವಿ ಕರೆದ ಗುರುತು ಅಂತ ತಿಳಿದು, ದೇವರಿಗೆ ಬಿಟ್ಟುಬಿಡೋ ಪದ್ಧತಿ ಇತ್ತು. ದೇವದಾಸಿ ಬಿಡೋದನ್ನ ನಿಷೇಧಿಸಿ ಕರ್ನಾಟಕದಲ್ಲಿ ಕಾನೂನು ಬಂದಿದ್ದೇ 1982ರಲ್ಲಿ. ಕಾನೂನು ಬಂದರೂ ಭಯ ಹೋಗಬೇಕಲ್ಲ. ಅವಳ ಅವ್ವ ಯಾರ ಮಾತೂ ಕೇಳಲಿಲ್ಲ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬಿಡಿಸೋಕೆ ಬಂದಷ್ಟು ಬಿಡಿಸಿ, ಉಳಿದಿದ್ದನ್ನ ಕತ್ತರಿಸಿ ಒಗೆದಳಂತೆ. ‘ಅಂದಿನಿಂದ ನನ್ನ ತಲಿಗೆ ಅವ್ವನ ಬಿಟ್ಟು ಬ್ಯಾರೆಯವರ ಕೈ ಹತ್ತಿರಲಿಲ್ಲ. ಕುರ್ಚಿ ಮ್ಯಾಲ ಕುಂತು, ನನಗ ಹೆಂಗ ಬೇಕೋ ಹಂಗ ಮಾಡ್ರಿ ಅಂತ ಹೇಳಿದ್ದು ಅವತ್ತ ಮೊದಲು. ಇಪ್ಪತ್ತ ನಿಮಿಷ ಇತ್ತಲ್ಲ, ಸಾಕ’ ಅಂದಳು.

ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಹಾಗಾಗಿ ‘ಹುಡುಗಿಯರ ಶೋಕಿ’ ಅಂತ ನಗೋ ನಮ್ಮ ಕ್ಲಾಸ್‌ಮೇಟ್‌ಗಳಿಗೆ ಒಂದು ಮಾತು: ಅದೇ ಟ್ರಿಪ್ಪಿನ ಮುಂಚೆ ನೀವು ಫೇಡ್ ಕಟ್, ಗಡ್ಡ ಸೆಟ್ಟಿಂಗ್, ಹೇರ್ ಕಲರ್ ಅಂತ ಎಷ್ಟು ಹಾಕಿದ್ರಿ, ಲೆಕ್ಕ ತೆಗೀರಿ. ನಾನು ‘ವರ್ತ್ ಅಲ್ಲ’ ಅನ್ನೋದು ಹವಾಮಾನದ ಲೆಕ್ಕದಲ್ಲಿ. ಒಬ್ಬಳು ತನ್ನ ಕೂದಲಿಗೆ ರೊಕ್ಕ ಖರ್ಚು ಮಾಡಬಾರದು ಅಂತ ಅಲ್ಲ.

ದೊಡ್ಡ ಹಡಗಿನ ಮಾತೂ ಬಂತು ನಮ್ಮ ಗ್ರೂಪಿನಲ್ಲಿ. ಮುಂಬೈಯಿಂದ ಗೋವಾ ಕಡೆ ಹೋಗೋ ಕ್ರೂಸ್ ಹಡಗುಗಳಿವೆ. ಕೆಲಸ ಸಿಕ್ಕಮೇಲೆ ಹೋಗೋಣ ಅಂತ ನಮ್ಮ ಪ್ಲಾನು. ಅಂಥ ಹಡಗಿನಲ್ಲಿ ರಾತ್ರಿ ಊಟದ ಹಾಲ್ ಎಸಿ ಇರುತ್ತೆ. ಡೆಕ್ಕಿಗೆ ಹೋಗದೆ ಒಳಗೇ ಇದ್ದರೆ ಸೆಟ್ ಮಾಡಿದ ಕೂದಲು ನಿಲ್ಲಬಹುದು. ಆದರೆ ನಡು ಸಮುದ್ರದಲ್ಲಿ ಎದುರಿಗೆ ಎರಡನೇ ಅಂಗಡಿ ಇರಲ್ಲ, ಅವರು ಹೇಳಿದ್ದೇ ರೇಟು. ಅದೂ ಅಲ್ಲದೆ ಹಡಗು ಹತ್ತಿ ಡೆಕ್ಕಿಗೆ ಹೋಗದಿದ್ದರೆ ಹತ್ತಿದ್ದಾದರೂ ಯಾಕೆ?

ಕೊನೆಗೆ ನನ್ನ ಸಲಹೆ. ಬೋಟಿಗೆ, ಬೀಚಿಗೆ ಹೋಗೋರು ಹೆರಳು ಹಾಕ್ಕೊಳ್ಳಿ, ಇಲ್ಲ ತುರುಬು ಕಟ್ಟಿಸ್ಕೊಳ್ಳಿ. ಕರ್ಲ್ಸ್ ಬೇಕಾದರೆ ಒಣ ಹವೆಯ ಮದುವೆಗೆ ಇಟ್ಟುಕೊಳ್ಳಿ. ಎಲ್ಲೇ ಮಾಡಿಸಿದರೂ ತಲೆ ಒದ್ದೆ ಆಗೋ ಮುಂಚೆ ಪೂರಾ ರೇಟು ಕೇಳಿ. ಮತ್ತೆ, ಊರಿನಲ್ಲಿ ನಿಮ್ಮ ಕಾಕಿನೋ ಅಕ್ಕನೋ ಓಣಿಯ ಆಂಟಿನೋ ಪಾರ್ಲರ್ ಇಟ್ಟಿದ್ದರೆ ಅವರಿಗೂ ರೊಕ್ಕ ಕೊಡಿ.

ಸಂಕ್ರಾಂತಿಗೆ ಊರಿಗೆ ಹೋದಾಗ ನಾನು ಕಾಕಿ ಹತ್ತಿರ ಹೆರಳು ಹಾಕಿಸ್ಕೊಂಡು ಮುನ್ನೂರು ಕೊಟ್ಟೆ. ‘ಹುಚ್ಚಿ, ಇದ್ಯಾಕ?’ ಅಂದಳು. ‘ಕಿತ್ತೂರಿಂದು ಬಾಕಿ ಇತ್ತಲ್ಲ ಕಾಕಿ’ ಅಂದೆ. ಬ್ಯಾಡ ಅಂತಾಳೆ ಅನ್ಕೊಂಡಿದ್ದೆ, ಅನ್ನಲಿಲ್ಲ. ಮೂರೂ ನೋಟು ಎಣಿಸಿ ಕನ್ನಡಿ ಕೆಳಗಿನ ಡ್ರಾದಲ್ಲಿ ಹಾಕಿ, ‘ಇವತ್ತಿನ ಬೋಣಿ ನಿಂದ ಆತು’ ಅಂದಳು. ಇನ್ನೂ ಐದು ಜನರ ಬಾಕಿ ಇದೆ. ಡ್ಯಾನ್ಸ್ ಟೀಮಿನವರು ಇದನ್ನ ಓದ್ತಿದ್ದರೆ, ದಯವಿಟ್ಟು ಗಮನಿಸಿ.