ಲಾವಂಚವೂ ಮಜ್ಜಿಗೆಹುಲ್ಲೂ

ಕೈತೋಟದ ಈ ಪುಟವನ್ನು ತಪ್ಪದೆ ಓದುವ ಗೃಹಸ್ಥರೊಬ್ಬರು, ತಮ್ಮ ಮನೆಯ ಮುಂದಣ ಹಾದಿಯ ಎರಡು ಅಂಚುಗಳಲ್ಲಿಯೂ ಹಿತ್ತಿಲ ಇಳಿಜಾರಿನಲ್ಲಿಯೂ ವರ್ಷವೆಲ್ಲ ಹಸುರಾಗಿ ನಿಲ್ಲತಕ್ಕ ಹುಲ್ಲಿನ ಪೊದೆಗಳನ್ನು ಬೆಳೆಸಬೇಕೆಂದಿರುವರಂತೆ. ಲಾವಂಚವನ್ನು ನೆಡುವುದೋ ಮಜ್ಜಿಗೆಹುಲ್ಲನ್ನು ನೆಡುವುದೋ ತಿಳಿಸಬೇಕೆಂದು ಕೇಳಿ, “ಎರಡೂ ನೋಡುವುದಕ್ಕೆ ಒಂದೇ ಬಗೆ, ಯಾವುದಾದರೇನು?” ಎಂದು ಕೊನೆಯಲ್ಲಿ ಒಂದು ಮಾತನ್ನೂ ಸೇರಿಸಿದ್ದಾರೆ. ಈ ಮಾತನ್ನು ನಾನೂ ಒಮ್ಮೆ ಆಡಿದ್ದೆನು. ಅದಕ್ಕೆ ದಂಡವನ್ನೂ ತೆತ್ತೆನು. ಆದಕಾರಣ ಉತ್ತರವು ಕೊಂಚ ಉದ್ದವಾದರೆ ವಾಚಕರು ಸಹಿಸಿಕೊಳ್ಳಬೇಕು.

ಕಣ್ಣಿಗೆ ಎರಡೂ ಒಂದೇ ಬಗೆಯೆಂಬುದು ಸುಳ್ಳಲ್ಲ. ಎರಡೂ ಜೋಳಕ್ಕೂ ಕಬ್ಬಿಗೂ ದಾಯಾದಿಗಳು. ಎರಡೂ ಒಂದೇ ಬುಡದಿಂದ ನೂರಾರು ಗರಿಗಳನ್ನೆತ್ತಿ ಆಳೆತ್ತರದ ಸಮೀಪಕ್ಕೆ ಬೆಳೆಯುವುವು. ಎರಡನ್ನೂ ಬೀಜದಿಂದಲ್ಲದೆ ಬುಡವನ್ನು ಸೀಳಿಯೇ ನೆಡುವುದು ವಾಡಿಕೆ. ಆದರೂ ಸೂಕ್ಷ್ಮವಾಗಿ ನೋಡುವವರಿಗೆ ಭೇದವು ತೋರದಿರದು. ಲಾವಂಚದ ಗರಿಯು ಬಿರುಸು, ನಡುವೆ ಮಡಿಸಿದಂತಿದ್ದು ನೆಟ್ಟಗೆ ನಿಲ್ಲುತ್ತದೆ. ಮಜ್ಜಿಗೆಹುಲ್ಲಿನ ಗರಿಯು ಅಗಲ, ಬೂದುಗಲಸಿದ ಹಸುರು, ತುದಿಯಲ್ಲಿ ಬಾಗಿ ಕಾರಂಜಿಯಂತೆ ಚೆಲ್ಲಿಕೊಳ್ಳುತ್ತದೆ. ಬುಡದಲ್ಲಿ ಅದರ ಕಾಂಡವು ಈರುಳ್ಳಿಯ ಹಾಗೆ ಉಬ್ಬಿರುವುದು. ಸಂದೇಹ ಬಂದರೆ ಗರಿಯೊಂದನ್ನು ಕಿತ್ತು ಅಂಗೈಯಲ್ಲಿ ಹೊಸಕಿರಿ. ನಿಂಬೆಯ ಕಂಪು ಎದ್ದಿತೋ, ಮಜ್ಜಿಗೆಹುಲ್ಲು. ಬರಿಯ ಹಸಿಹುಲ್ಲಿನ ವಾಸನೆಯೋ, ಲಾವಂಚವಿದ್ದೀತು. ಅದರ ಪರಿಮಳವೆಲ್ಲವೂ ನೆಲದೊಳಗೆ ಬೇರಿನಲ್ಲಿ ಅಡಗಿದೆ.

ಇನ್ನು ನನ್ನ ಕಥೆ. ನಮ್ಮ ಮನೆಯಿರುವುದು ಮಲೆನಾಡಿನ ಅಂಚಿನಲ್ಲಿ. ಹಿತ್ತಿಲಿನ ಕೊನೆಯಲ್ಲಿ ಎಂಟು ಅಡಿಯ ಕೆಮ್ಮಣ್ಣಿನ ಧರೆ. ಅದರ ಕೆಳಗೆ ಬಾವಿ. ಧರೆಯ ನೆತ್ತಿಯಲ್ಲಿ ನನ್ನ ತಾಯಿಯವರು ನೆಟ್ಟ ಸಂಪಿಗೆಯ ಮರ. ನಾನು ಕೆಲಸದಿಂದ ನಿವೃತ್ತನಾಗಿ ಬಂದ ವರ್ಷ, ಮಳೆಗೆ ಧರೆಯ ಅಂಚು ಸವೆದು ಸಂಪಿಗೆಯ ಬೇರುಗಳು ಹೊರಕ್ಕೆ ಕಾಣತೊಡಗಿದ್ದವು. “ನಮ್ಮ ತೌರಿನಲ್ಲಿ ಧರೆಗೆ ಲಾವಂಚ ಹಾಕಿದ್ದಾರೆ. ತರಿಸಬಾರದೆ?” ಎಂದು ನನ್ನ ಪತ್ನಿಯು ಹೇಳಿದಳು. ನಮ್ಮಲ್ಲಿಯೇ ಮಜ್ಜಿಗೆಹುಲ್ಲು ಯಥೇಚ್ಛವಾಗಿ ಬೆಳೆದು, ಸೀಳಿ ಬೇರೆಡೆ ನೆಡುವ ಕಾಲಕ್ಕೆ ಬಂದಿತ್ತು. ಮನೆಯಲ್ಲಿ ಇರುವುದನ್ನು ಬಿಟ್ಟು ಹೊರಗಿನಿಂದ ಕೊಂಡು ತರುವುದೇಕೆ ಎಂಬ ಲೋಭವೊಂದು ಕಡೆ; ಹುಲ್ಲೆಂದರೆ ಹುಲ್ಲು, ತೃಣಜಾತಿಯೆಲ್ಲವೂ ಮಣ್ಣನ್ನು ಹಿಡಿಯತಕ್ಕದ್ದೇ ಎಂಬ ತರ್ಕವಿನ್ನೊಂದು ಕಡೆ. ಅವಳಿಗೆ ಅಮರಕೋಶದ ವನೌಷಧಿವರ್ಗದಿಂದ ನಾಲ್ಕು ಪರ್ಯಾಯಪದಗಳನ್ನು ಹೇಳಿ ಬಾಯಿ ಮುಚ್ಚಿಸಿದೆನು. ಅದೇ ವಾರ ಧರೆಯ ಅಂಚಿನುದ್ದಕ್ಕೂ ಮಜ್ಜಿಗೆಹುಲ್ಲನ್ನು ನಾಟಿದೆನು.

ಎರಡು ವರ್ಷ ಅದು ಸೊಗಸಾಗಿಯೇ ಬೆಳೆಯಿತು. ಬಂದವರೆಲ್ಲರೂ ಮೆಚ್ಚಿದರು. ಮೂರನೆಯ ವರ್ಷದ ಆರಿದ್ರೆ ಮಳೆಯಲ್ಲಿ, ಒಂದು ರಾತ್ರಿ, ಧರೆಯು ಹುಲ್ಲನ್ನೂ ಸಂಪಿಗೆಯನ್ನೂ ಹೊತ್ತುಕೊಂಡು ಬಾವಿಯ ಕಟ್ಟೆಯ ಮೇಲೆ ಕುಸಿಯಿತು. ಬೆಳಗ್ಗೆ ಹೋಗಿ ನೋಡಿದರೆ, ಮಜ್ಜಿಗೆಹುಲ್ಲಿನ ಪೊದೆಗಳು ಒಂದೊಂದೂ ಚಾಪೆ ಸುತ್ತಿದಂತೆ ಬೇರುಸಹಿತ ಮಗುಚಿ ಬಿದ್ದಿದ್ದವು. ಬೇರು ದಟ್ಟವಾಗಿಯೇ ಇತ್ತು. ಆದರೆ ಅದೆಲ್ಲವೂ ಮೇಲ್ಮಣ್ಣಿನಲ್ಲಿಯೇ ಹರಡಿದ್ದಿತು. ಜಾರಿದ ಮಣ್ಣು ಅದಕ್ಕಿಂತ ಕೆಳಗಿನದು. ಬಾವಿಯ ಕೆಸರನ್ನು ತೆಗೆಯಿಸುವುದಕ್ಕೆ ಹದಿನೈದು ದಿನ ಹಿಡಿಯಿತು. ಪತ್ನಿಯು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಮಜ್ಜಿಗೆಹುಲ್ಲನ್ನು ನಾನು ಹಳಿಯುತ್ತಿಲ್ಲ. ತಗ್ಗಾದ ಇಳಿಜಾರಿನಲ್ಲಿ ಮೇಲ್ಮಣ್ಣು ಕೊಚ್ಚಿಹೋಗದಂತೆ ಅದೂ ತಡೆಯುವುದುಂಟು. ಆದರೆ ಕಡಿದಾದ ಧರೆಯ ಕೆಲಸವೇ ಬೇರೆ. ಲಾವಂಚದ ಬೇರು ಅಕ್ಕಪಕ್ಕಕ್ಕೆ ಹೋಗದೆ ನೇರವಾಗಿ ಪಾತಾಳಮುಖವಾಗಿ ಇಳಿಯುವುದು; ಒಳ್ಳೆಯ ನೆಲದಲ್ಲಿ ಹತ್ತು ಅಡಿಯವರೆಗೂ ಹೋಗುತ್ತದೆ. ಮೇಲೆ ಹರಿದು ಬರುವ ನೀರು ಅದರ ಗಟ್ಟಿಯಾದ ಬೇಲಿಯನ್ನು ತಾಕಿ ವೇಗವನ್ನು ಕಳೆದುಕೊಂಡು ಹೊತ್ತು ತಂದ ಮಣ್ಣನ್ನು ಅಲ್ಲಿಯೇ ಇಳಿಸಿ ಮುಂದೆ ಸಾಗುವುದು. ಹಾಗೆ ನಿಂತ ಮಣ್ಣು ಬುಡವನ್ನು ಮುಚ್ಚಿದರೆ ಹುಲ್ಲು ಸಾಯುವುದಿಲ್ಲ; ಹೂತ ಗಿಣ್ಣುಗಳಿಂದ ಹೊಸ ಬೇರನ್ನು ಬಿಟ್ಟು ತಾನೂ ಮೇಲಕ್ಕೇರುತ್ತದೆ. ವರ್ಷಗಳು ಕಳೆದಂತೆ ಬೇಲಿಯ ಹಿಂದೆ ತಾನಾಗಿಯೇ ಒಂದು ಬದು ಏಳುವುದು.

ಇದು ನಮ್ಮ ನಾಡಿಗೆ ಹೊಸ ವಿದ್ಯೆಯಲ್ಲ. ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಗುಂಡ್ಲುಪೇಟೆಯ ಸುತ್ತಣ ರೈತರು ತಲೆತಲಾಂತರದಿಂದ ಹೊಲದ ಎಲ್ಲೆಗೆ ಲಾವಂಚವನ್ನು ನೆಡುತ್ತ ಬಂದವರು. ಅದು ಗರಿಕೆಯಂತೆ ಹಬ್ಬುವುದಿಲ್ಲ, ನಮ್ಮಲ್ಲಿ ಬೆಳೆಸುವ ಜಾತಿಯು ಬೀಜದಿಂದ ಹರಡುವುದೂ ಇಲ್ಲ. ಅಜ್ಜನು ನೆಟ್ಟಲ್ಲಿಯೇ ಮೊಮ್ಮಗನ ಕಾಲಕ್ಕೂ ನಿಂತಿರುತ್ತದೆ. ಎಲ್ಲೆಗಲ್ಲನ್ನು ಇರುಳಿನಲ್ಲಿ ಸರಿಸಬಹುದು, ಲಾವಂಚದ ಸಾಲನ್ನು ಸರಿಸಲಾಗದು. ಜಾನ್ ಗ್ರೀನ್‌ಫೀಲ್ಡ್ ಎಂಬ ಭೂಸಂರಕ್ಷಣತಜ್ಞರು 1950ರ ದಶಕದಲ್ಲಿ ಫಿಜಿ ದ್ವೀಪದ ಕಬ್ಬಿನ ತೋಟಗಳಲ್ಲಿ ಈ ಹುಲ್ಲಿನ ಗುಣವನ್ನು ಕಂಡುಕೊಂಡರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಪರವಾಗಿ ಭಾರತದಲ್ಲಿ ಕೆಲಸ ಮಾಡುತ್ತಿದ್ದಾಗ ಅದನ್ನೇ ಇಲ್ಲಿಯೂ ಪ್ರಚಾರ ಮಾಡಿದರು. 1993ರಲ್ಲಿ ಅಮೆರಿಕೆಯ ರಾಷ್ಟ್ರೀಯ ಸಂಶೋಧನ ಮಂಡಲಿಯು ಈ ಹುಲ್ಲೊಂದನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿತು. ಜಗತ್ತಿನಲ್ಲೆಲ್ಲ ಇದಕ್ಕೆ ಪ್ರಸಿದ್ಧವಾದ ‘ವೆಟಿವರ್’ ಎಂಬ ಹೆಸರೂ ತಮಿಳಿನ ‘ವೆಟ್ಟಿವೇರ್’ ಎಂಬುದೇ.

ನಾನು ಆ ದಿನ ಹೇಳಿದ ಪರ್ಯಾಯಪದಗಳ ವಿಷಯವನ್ನೂ ಒಪ್ಪಿಸಿಬಿಡುವೆನು. ಅಮರಸಿಂಹನು ಹುಲ್ಲಿಗೆ ವೀರಣವೆಂದೂ ಅದರ ಬೇರಿಗೆ ಉಶೀರವೆಂದೂ ಬೇರೆಬೇರೆ ಹೆಸರುಗಳನ್ನು ಕೊಟ್ಟಿದ್ದಾನೆ. ಬೇರಿಗೆ ಪ್ರತ್ಯೇಕವಾದ ಹೆಸರಿರುವ ಹುಲ್ಲಿನಲ್ಲಿ ಬೇರೇ ಮುಖ್ಯವೆಂಬುದು, ಆ ಭಾಗವನ್ನು ಬಾಲ್ಯದಿಂದ ಬಾಯಿಪಾಠ ಮಾಡಿದ ನನಗೆ ಹೊಳೆಯಬೇಕಾಗಿದ್ದಿತು. ಹೊಳೆಯಲಿಲ್ಲ. ಶಾಕುಂತಲದ ಮೂರನೆಯ ಅಂಕದ ಆರಂಭದಲ್ಲಿ ಪ್ರಿಯಂವದೆಯು ಶಕುಂತಲೆಯ ತಾಪಶಮನಕ್ಕಾಗಿ ಒಯ್ಯುವ ಲೇಪವೂ ಈ ಬೇರಿನದೇ. ಉಶೀರದ ಪರ್ಯಾಯಗಳೊಳಗೆ ಅಮರನು ಲಾಮಜ್ಜಕವೆಂಬುದನ್ನೂ ಸೇರಿಸಿದ್ದಾನೆ. ವೈದ್ಯರಲ್ಲಿ ಕೆಲವರಾದರೋ ಲಾಮಜ್ಜಕವು ಬೇರೆಯೇ ಹುಲ್ಲು, ಮಜ್ಜಿಗೆಹುಲ್ಲಿನ ಹತ್ತಿರದ ಬಂಧು ಎಂದೆಣಿಸುವರು. ಈ ಎರಡು ಕುಲಗಳನ್ನು ಕಲಸಿಬಿಟ್ಟವನು ನಾನೊಬ್ಬನೇ ಅಲ್ಲವೆಂದು ಇದರಿಂದ ಸ್ವಲ್ಪ ಸಮಾಧಾನವುಂಟು. (ಲಾವಂಚಕ್ಕೆ ಹಿಂದಿಯಲ್ಲಿ ಖಸ್ ಎಂಬ ಹೆಸರಿರುವುದರಿಂದ ಕೆಲವರು ಅದನ್ನು ಗಸಗಸೆಯೆಂದು ತಿಳಿಯುವರು. ಅದು ಇದಕ್ಕಿಂತಲೂ ದೊಡ್ಡ ತಪ್ಪು.)

ಹಾಗಾದರೆ ನಮ್ಮ ಗೃಹಸ್ಥರು ಮಾಡತಕ್ಕದ್ದೇನು? ಹಾದಿಯ ಅಂಚಿಗೆ ಮಜ್ಜಿಗೆಹುಲ್ಲೇ ಇರಲಿ. ನೋಟಕ್ಕೂ ಅದೇ ಹೆಚ್ಚು ಒಪ್ಪುವುದೆಂದು ನನ್ನ ಅಭಿಪ್ರಾಯ. ಬುಡದಿಂದ ಬುಡಕ್ಕೆ ಒಂದು ಮೊಳಕ್ಕಿಂತ ಕಡಮೆಯಿಲ್ಲದೆ ಎಡೆ ಬಿಟ್ಟು, ಹಾದಿಯಿಂದಲೂ ಒಂದು ಮೊಳ ಹಿಂದಕ್ಕೆ ನೆಡಬೇಕು; ಗರಿಯ ಅಂಚು ಹರಿತವಾಗಿ ಮಕ್ಕಳ ಕೈಕಾಲು ಕೊಯ್ದುಕೊಳ್ಳುವುದುಂಟು. ಕಷಾಯಕ್ಕೆ ಬೇಕಾದಾಗ ನಾಲ್ಕು ಗರಿ ಕೊಯ್ದುಕೊಳ್ಳಬಹುದು. ಮೂರು ನಾಲ್ಕು ವರ್ಷಕ್ಕೊಮ್ಮೆ ಅಗೆದು ಸೀಳಿ ನೆಡದಿದ್ದರೆ ಪೊದೆಯ ನಡುವು ಒಣಗುತ್ತದೆ. ಅದು ಅಂಗಳದಲ್ಲಿದ್ದರೆ ಸೊಳ್ಳೆ ಬಾರದೆಂಬ ನಂಬಿಕೆಯನ್ನು ಮಾತ್ರ ಬಿಟ್ಟುಬಿಡಿ. ಅದರ ತೈಲವು ಗರಿಯನ್ನು ಜಜ್ಜುವವರೆಗೆ ಒಳಗೇ ಇರುವುದು.

ಹಿತ್ತಿಲ ಇಳಿಜಾರಿಗೆ ಲಾವಂಚವಲ್ಲದೆ ಬೇರೆ ಬೇಡ. ಮೃಗಶಿರೆ ಮಳೆ ಹಿಡಿದ ಕೂಡಲೆ, ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಒಂದೇ ಸಾಲಿನಲ್ಲಿ, ಸೀಳಿನಿಂದ ಸೀಳಿಗೆ ಅರ್ಧ ಗೇಣಿನ ಅಂತರದಲ್ಲಿ ನೆಡಬೇಕು. ಅಂತರ ಹೆಚ್ಚಾದರೆ ಸಂದಿಯಲ್ಲಿ ನೀರು ನುಗ್ಗಿ ಕೊರಕಲು ಮಾಡುವುದು. ಮೊದಲ ವರ್ಷ ಎರಡು ಮೂರು ಸಲ ಮೊಳಕಾಲೆತ್ತರಕ್ಕೆ ಕತ್ತರಿಸಿದರೆ ಬುಡವು ಬೇಗನೆ ದಟ್ಟವಾಗುತ್ತದೆ. ಮರದ ನೆರಳಿನಲ್ಲಿ ಅದು ಸೊರಗುವುದು. ಬಿಸಿಲು ಬೀಳುವ ಜಾಗವೇ ಆಗಬೇಕು.

ಮತ್ತೊಂದು ಎಚ್ಚರಿಕೆ. ಲಾವಂಚವಿದ್ದ ಮೇಲೆ ಬೇರಿನ ಆಸೆ ಹುಟ್ಟದಿರದು. ಕುಡಿಯುವ ನೀರಿನ ಗಡಿಗೆಗೆ ಒಂದು ಹಿಡಿ, ಬೀಸಣಿಗೆಗೆ ಒಂದು ಹಿಡಿ, ಬಟ್ಟೆಯ ಪೆಟ್ಟಿಗೆಗೆ ಒಂದು ಹಿಡಿ ಎಂದು ಅಗೆಯತೊಡಗಿದರೆ ಧರೆಯ ಕಥೆ ಮುಗಿಯಿತು. ಬೇರನ್ನು ತೆಗೆಯುವುದೆಂದರೆ ಇಡೀ ಗಿಡವನ್ನು ಅಗೆದು ಮಣ್ಣನ್ನು ಸಡಿಲಿಸುವುದೇ. ಬೇರಿಗಾಗಿ ಎರಡು ಗಿಡಗಳನ್ನು ಮರಳು ಬೆರಸಿದ ಮಣ್ಣು ತುಂಬಿದ ಗೋಣಿಚೀಲಗಳಲ್ಲಿ ಬೇರೆಯಾಗಿ ಬೆಳೆಸಿಕೊಳ್ಳಿರಿ. ಹದಿನೈದು ಹದಿನೆಂಟು ತಿಂಗಳಾದ ಮೇಲೆ ಚೀಲವನ್ನು ಹರಿದರೆ ಒಂದೆಳೆಯೂ ಮುರಿಯದಂತೆ ಬೇರು ಸಿಕ್ಕುವುದು.

ನಮ್ಮ ಧರೆಯ ಬುಡಕ್ಕೆ ಕಲ್ಲು ಕಟ್ಟಿಸಿ, ಮಣ್ಣು ತುಂಬಿಸಿ, ಪತ್ನಿಯ ತೌರಿನಿಂದ ತರಿಸಿದ ಲಾವಂಚವನ್ನು ಎರಡು ಸಾಲಾಗಿ ನೆಟ್ಟು ನಾಲ್ಕು ಮಳೆಗಾಲಗಳಾದುವು. ಅದರ ಹಿಂದೆ ಒಂದು ಸಂಪಿಗೆಯ ಸಸಿಯನ್ನೂ ಇಟ್ಟಿದ್ದೇವೆ, ಇನ್ನೂ ಹೂಬಿಟ್ಟಿಲ್ಲ. ಚೀಲದ ಲಾವಂಚಗಳೆರಡು ಬಾವಿಯ ಬಳಿ ಇವೆ. ಅವುಗಳ ಬೇರನ್ನು ಯಾವಾಗ ತೆಗೆಯತಕ್ಕದ್ದೆಂಬುದನ್ನು ಈಗ ನಾನು ನಿರ್ಧರಿಸುವುದಿಲ್ಲ; ಅವಳು ನಿರ್ಧರಿಸುತ್ತಾಳೆ.