ಕಂಪ್ಯೂಟರಿನ ಕೋಳಿನಿದ್ದೆಗೂ ಬೇಕು ಚಿಲಕ

ಪಿ.ಯು. ಓದುವ ಮಗಳು, ಏಳನೇ ತರಗತಿಯ ಮಗ, ಮನೆಗೆಲ್ಲ ಒಂದೇ ಕಂಪ್ಯೂಟರ್. ಇಂಥ ಮನೆಗಳು ಊರೂರಲ್ಲೂ ಇವೆ. ಮಗಳು ಪ್ರಾಜೆಕ್ಟ್ ವರದಿ ಬರೆಯುತ್ತ ಕುಳಿತಿರುತ್ತಾಳೆ. ಅಮ್ಮ ಊಟಕ್ಕೆ ಕರೆಯುತ್ತಾರೆ. ಅರ್ಧ ಗಂಟೆ ಬಿಟ್ಟು ಬಂದರೆ ಪರದೆ ಕಪ್ಪಗಾಗಿದೆ. ಕೀಲಿ ಒತ್ತಿದೊಡನೆ ಯಂತ್ರದ ಪ್ರಶ್ನೆ: 'ಪಾಸ್‌ವರ್ಡ್?' ದಿನಕ್ಕೆ ಹತ್ತು ಸಲ ಇದೇ ಕಾಟ. 'ಅಪ್ಪಾ, ಇದನ್ನ ತೆಗೆದುಹಾಕಿ' ಎಂದು ಮಗಳ ಗೊಣಗಾಟ. ಅಪ್ಪ ತೆಗೆದುಹಾಕುತ್ತಾರೆ. ಮರುದಿನ ಅವಳು ಊಟ ಮುಗಿಸಿ ಬರುವಷ್ಟರಲ್ಲಿ ತಮ್ಮ ಆಟವಾಡಲೆಂದು ಕುಳಿತವನು, ಅಡ್ಡ ಬಂದ ವರದಿಯ ನಾಲ್ಕು ಪುಟ ಅಳಿಸಿ, 'ಸೇವ್' ಒತ್ತಿ ಮುಚ್ಚಿರುತ್ತಾನೆ. ಅಳು ಒಂದು ಕಡೆ, ಬೈಗುಳ ಇನ್ನೊಂದು ಕಡೆ.

ತಪ್ಪು ಯಾರದು? ಅದನ್ನು ತೀರ್ಮಾನಿಸುವ ಮೊದಲು ಕಂಪ್ಯೂಟರಿನ ನಿದ್ದೆಯ ಬಗೆ ತಿಳಿಯಬೇಕು.

ಕಂಪ್ಯೂಟರಿಗೆ ಎರಡು ಬಗೆಯ ನಿದ್ದೆ ಉಂಟು. 'ಸ್ಲೀಪ್' ಎಂಬುದು ಕೋಳಿನಿದ್ದೆ. ಪರದೆ ಆರುತ್ತದೆ, ಯಂತ್ರದ ಬಹುಪಾಲು ಅಂಗಗಳು ವಿಶ್ರಮಿಸುತ್ತವೆ. ಆದರೆ ಸ್ಮೃತಿಕೋಶಕ್ಕೆ ಮಾತ್ರ ತುಸು ವಿದ್ಯುತ್ ಹರಿಯುತ್ತಲೇ ಇರುತ್ತದೆ. ತೆರೆದಿಟ್ಟ ಬರಹ, ಚಿತ್ರ, ಇ-ಮೇಲ್ ಎಲ್ಲವೂ ಇದ್ದಂತೆಯೇ ಇರುತ್ತವೆ. ಮುಟ್ಟಿದರೆ ಕ್ಷಣದಲ್ಲಿ ಎಚ್ಚರ. 'ಹೈಬರ್ನೇಟ್' ಎಂಬುದು ಕುಂಭಕರ್ಣನ ನಿದ್ದೆ. ಸ್ಮೃತಿಕೋಶದಲ್ಲಿ ಇದ್ದುದನ್ನೆಲ್ಲ ಡಿಸ್ಕಿಗೆ ನಕಲು ಮಾಡಿಟ್ಟು ಯಂತ್ರ ಪೂರ್ತಿ ಆರಿಬಿಡುತ್ತದೆ. ಏಳಲು ಹೆಚ್ಚು ಹೊತ್ತು ಬೇಕು. ಆದರೆ ಕರೆಂಟ್ ಹೋದರೂ ಚಿಂತೆಯಿಲ್ಲ. ಕೋಳಿನಿದ್ದೆಯಲ್ಲಿರುವಾಗ, ಬ್ಯಾಟರಿಯಾಗಲಿ ಯು.ಪಿ.ಎಸ್. ಆಗಲಿ ಇಲ್ಲದ ಯಂತ್ರಕ್ಕೆ ಕರೆಂಟ್ ಕೈಕೊಟ್ಟರೆ, ಸೇವ್ ಮಾಡದ ಬರಹ ಹೋಗಿಬಿಡಬಹುದು. ಆದ್ದರಿಂದ ಎದ್ದು ಹೋಗುವ ಮೊದಲು ಸೇವ್ ಮಾಡುವುದು ಮೊದಲ ಪಾಠ.

ನಿದ್ದೆ ಯಾವುದೇ ಇರಲಿ, ಎದ್ದಾಗ ಎಲ್ಲವೂ ತೆರೆದೇ ಇರುತ್ತದೆ. ಎಬ್ಬಿಸಿದವರು ಯಾರೇ ಆಗಲಿ, ಅವರು ಕೂರುವುದು ಯಜಮಾನರ ಕುರ್ಚಿಯಲ್ಲಿ. ಅದಕ್ಕಾಗಿಯೇ ಪಾಸ್‌ವರ್ಡಿನ ಪ್ರಶ್ನೆ.

ಪಾಸ್‌ವರ್ಡಿಗೂ ವಿದ್ಯಾರ್ಥಿಗಳಿಗೂ ಹಳೆಯ ನಂಟು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಂಡು ಬಳಸುವ 'ಸಿ.ಟಿ.ಎಸ್.ಎಸ್.' ವ್ಯವಸ್ಥೆ ಬಂತು. ಒಬ್ಬೊಬ್ಬರ ಕಡತ ಅವರವರಿಗೇ ಇರಲೆಂದು ಪಾಸ್‌ವರ್ಡ್ ಕೊಟ್ಟರು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದುದು 4 ಗಂಟೆಗಳ ಅವಧಿ. ಅದು ಸಾಲದೆ 1962ರಲ್ಲಿ ಆತ ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿಕೊಂಡ! ಬಹಳ ವರ್ಷಗಳ ನಂತರ ತಾನೇ ಅದನ್ನು ಒಪ್ಪಿಕೊಂಡ. ಬೀಗ ಎಷ್ಟೇ ಗಟ್ಟಿಯಿದ್ದರೂ ಕೀಲಿಯನ್ನು ಇಡುವ ಜಾಗ ಸರಿಯಿರಬೇಕು.

ಹಾಗಾದರೆ ದಿನವಿಡೀ ಪಾಸ್‌ವರ್ಡ್ ಕುಟ್ಟುತ್ತಲೇ ಇರಬೇಕೇ? ಬೇಕಿಲ್ಲ. ಪ್ರಶ್ನೆಯನ್ನೇ ತೆಗೆಯುವ ಬದಲು ಅದರ ಕಾಟ ಕಡಿಮೆ ಮಾಡಬಹುದು. ವಿಂಡೋಸ್ 11ರಲ್ಲಿ 'ಸೆಟ್ಟಿಂಗ್ಸ್', ಅಲ್ಲಿ 'ಅಕೌಂಟ್ಸ್', ಅದರೊಳಗೆ 'ಸೈನ್-ಇನ್ ಆಪ್ಷನ್ಸ್' ತೆರೆದರೆ, ಮತ್ತೆ ಯಾವಾಗ ಪಾಸ್‌ವರ್ಡ್ ಕೇಳಬೇಕೆಂದು ಆರಿಸಬಹುದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಷ್ಟು ನಿಮಿಷ ಕಳೆದ ಮೇಲೆ ಕೇಳು ಎಂದು ಹೇಳುವ ಅವಕಾಶವಿದೆ. ಮ್ಯಾಕ್ ಯಂತ್ರದಲ್ಲಿ ಇದು 'ಲಾಕ್ ಸ್ಕ್ರೀನ್' ವಿಭಾಗದಲ್ಲಿದೆ. ಯಂತ್ರ ಎಷ್ಟು ಹೊತ್ತಿಗೆ ಮಲಗಬೇಕು ಎಂಬುದನ್ನೂ ಹೊಂದಿಸಬಹುದು. ಐದು ನಿಮಿಷಕ್ಕೇ ತೂಕಡಿಸುವ ಯಂತ್ರ ಇಪ್ಪತ್ತು ನಿಮಿಷಕ್ಕೆ ಮಲಗಿದರೆ ಅರ್ಧ ಗೊಣಗಾಟ ನಿಲ್ಲುತ್ತದೆ. ಉದ್ದನೆಯ ಪಾಸ್‌ವರ್ಡಿನ ಬದಲು ವಿಂಡೋಸಿನಲ್ಲಿ 'ಪಿನ್' ಅಂಕಿಗಳನ್ನು ಇಟ್ಟುಕೊಳ್ಳಬಹುದು. ಆ ಪಿನ್ ನಡೆಯುವುದು ಅದೊಂದೇ ಯಂತ್ರದಲ್ಲಿ. ಹಾಗಾಗಿ ಬೇರೆಯವರಿಗೆ ತಿಳಿದರೂ ದೂರದಲ್ಲಿ ಕುಳಿತು ಖಾತೆ ತೆರೆಯಲು ಅದೊಂದರಿಂದ ಆಗದು.

ಎಲ್ಲಕ್ಕಿಂತ ಒಳ್ಳೆಯ ಉಪಾಯ, ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ. ತಮ್ಮ ತನ್ನ ಹೆಸರು ಒತ್ತಿ ತನ್ನ ಆಟ ಆಡಲಿ. ಅಕ್ಕನ ವರದಿ ಅವಳ ಖಾತೆಯಲ್ಲಿ ತೆರೆದಂತೆಯೇ ಇರುತ್ತದೆ. ಎದ್ದು ಹೋಗುವಾಗ ವಿಂಡೋಸ್ ಕೀಲಿಯೊಂದಿಗೆ 'ಎಲ್' ಒತ್ತಿದರೆ ಬೀಗ ಬಿದ್ದಂತೆ. ಆದರೆ ಕಾಲೇಜಿನ ಲ್ಯಾಬಿನಲ್ಲಿ ಇಷ್ಟು ಸಾಲದು. ಅಲ್ಲಿ 'ಸೈನ್ ಔಟ್' ಮಾಡಿಯೇ ಏಳಬೇಕು.

ಇದು ಚಿಲಕವೇ ಹೊರತು ತಿಜೋರಿಯಲ್ಲ ಎಂಬುದೂ ನೆನಪಿರಲಿ. ಡಿಸ್ಕಿನಲ್ಲಿರುವುದನ್ನು ಗೂಢಲಿಪಿಗೆ ಬದಲಿಸುವ ಏರ್ಪಾಡು ಇಲ್ಲದಿದ್ದರೆ, ಕಳ್ಳ ಆ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ಓದಬಲ್ಲ.

ಮಕ್ಕಳ ಪಾಸ್‌ವರ್ಡ್ ತಂದೆತಾಯಿಗೆ ತಿಳಿದಿರಬೇಕೇ? ಸಣ್ಣ ಮಕ್ಕಳದಾದರೆ ತಿಳಿದಿರಬೇಕು. ಬೆಳೆದ ಮಕ್ಕಳದನ್ನು ಚೀಟಿಯಲ್ಲಿ ಬರೆಸಿ, ಲಕೋಟೆಗೆ ಅಂಟು ಹಾಕಿ ಬೀರುವಿನಲ್ಲಿಟ್ಟರೆ ಸಾಕು. ಮರೆತಾಗಲೂ ಒದಗೀತು, ಆಪತ್ತಿನಲ್ಲೂ ಒದಗೀತು. ಸುಮ್ಮಸುಮ್ಮನೆ ಒಡೆಯದಿರುವುದು ಹಿರಿಯರ ದೊಡ್ಡತನ. ಬಚ್ಚಲಮನೆಗೆ ಚಿಲಕ ಇರುವುದು ಮನೆಯವರ ಮೇಲಿನ ಸಂಶಯದಿಂದಲ್ಲವಲ್ಲ!