ಚರ್ಚಿನ ಕಂಬಕ್ಕೆ ಯಾವ ಧರ್ಮ?

ನಗರದ ಹಳೆಯ ಚರ್ಚುಗಳ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ. ಅವು ಬಿಳಿಯರ ಕಟ್ಟಡಗಳು, ಗುಲಾಮಗಿರಿಯ ಕುರುಹುಗಳು, ಇದ್ದರೇನು, ಬಿದ್ದರೇನು? ಇದೇ ನಾಲಗೆ ಮಸೀದಿಗಳನ್ನೂ ಹೊರಗಿನವರದೆಂದು ಕರೆದಿದೆ. ಅದು ಗೊತ್ತಿದ್ದೂ ನಮ್ಮವರಲ್ಲಿ ಕೆಲವರು ಚರ್ಚಿನ ವಿಷಯಕ್ಕೆ ತಲೆಯಾಡಿಸುತ್ತಾರೆ. ಅದನ್ನು ಕಂಡೇ ಇದನ್ನು ಬರೆಯುತ್ತಿದ್ದೇವೆ.

ಶಂಕರಪುರಂನ ಪಂಪ ಮಹಾಕವಿ ರಸ್ತೆಗೆ ಬನ್ನಿ. ಕನ್ನಡ ಸಾಹಿತ್ಯ ಪರಿಷತ್ತು ಇರುವ ರಸ್ತೆಯಲ್ಲೇ ಸೇಂಟ್ ಲ್ಯೂಕ್ಸ್ ಚರ್ಚ್ ಇದೆ. ಶಂಕರಮಠವೂ ದೂರವಿಲ್ಲ. ಈ ಚರ್ಚಿನ ಪೂರ್ವಜ ಇದ್ದದ್ದು ಕೋಟೆಯೊಳಗೆ; ಅದಕ್ಕೆ ಡ್ರಮ್ಮರ್ಸ್ ಚಾಪೆಲ್ ಎಂಬ ಹೆಸರಿತ್ತು. 1791ರಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನಿಂದ ಕಸಿದುಕೊಂಡ ಕೋಟೆ ಅದು. ಮುನಿಸಿಕೊಳ್ಳುವುದೇ ಆದರೆ ನಮಗಿಂತ ಹೆಚ್ಚಿನ ಕಾರಣ ಯಾರಿಗಿದೆ? ಆದರೆ ಮುಂದಿನದನ್ನೂ ನೋಡಬೇಕು. ವಾಣಿವಿಲಾಸ ಆಸ್ಪತ್ರೆಗಾಗಿ ಆ ಚರ್ಚನ್ನು ಕೆಡವಲಾಯಿತು, 1935ರಲ್ಲಿ ಅದು ಇಲ್ಲಿ ಮತ್ತೆ ನೆಲೆ ಕಂಡಿತು. ಮುತ್ತಿಗೆಯಲ್ಲಿ ಉಳಿದ ಕೋಟೆಯೂ ಬಹುಪಾಲು ರಸ್ತೆ, ಕಚೇರಿ, ಆಸ್ಪತ್ರೆಗಳಿಗೇ ಹೋಯಿತು. ಇಂದು ದೆಹಲಿ ಬಾಗಿಲು, ಅರಮನೆಯ ಒಂದು ಭಾಗ, ಇಷ್ಟೇ ಕಣ್ಣಿಗೆ ಬೀಳುವುದು. ಟಿಪ್ಪುವಿನ ಗೋಡೆಗೂ ಬಿಳಿಯರ ಚಾಪೆಲ್‌ಗೂ ಒಂದೇ ಗತಿ!

ಇನ್ನು ಶೈಲಿಯ ಮಾತು. ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್‌ಗೆ 1808ರಲ್ಲಿ ಅಡಿಗಲ್ಲು ಬಿತ್ತು, 1812ರಲ್ಲಿ ಅದು ಪೂರ್ಣಗೊಂಡಿತು. ಲಂಡನ್ನಿನ ಸೇಂಟ್ ಪಾಲ್ಸ್ ಅದರ ಮಾದರಿ. 1923ರ ಬೆಂಕಿಯ ನಂತರ 1927ರಲ್ಲಿ ಅದನ್ನು ಮತ್ತೆ ಕಟ್ಟಲಾಯಿತು. ಕಂಬದ ಸಾಲು, ಅರ್ಧವೃತ್ತದ ಕಮಾನು, ಮೇಲೊಂದು ಗುಮ್ಮಟ. ಇದೆಲ್ಲ ಕ್ರೈಸ್ತರದೇ? ಕಂಬಸಾಲು ಗ್ರೀಕರ ದೇಗುಲದ್ದು. ಗುಮ್ಮಟವನ್ನು ರೋಮನ್ನರು ತಮ್ಮ ದೇವತೆಗಳಿಗಾಗಿ ಎತ್ತಿದ್ದರು. ಅದೇ ಗುಮ್ಮಟ 1656ರ ಹೊತ್ತಿಗೆ ವಿಜಯಪುರದಲ್ಲಿ ಆದಿಲ್‌ಶಾಹಿಯ ಸಮಾಧಿಯ ಮೇಲೆ ನಿಂತಿತ್ತು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ಇಂದು ಹೈಕೋರ್ಟು. ಅದರ ಕಂಬಗಳೂ ಇದೇ ಗ್ರೀಕ್-ರೋಮನ್ ಮನೆತನದವು, ಜನ ಇಟ್ಟ ಹೆಸರು ಮಾತ್ರ ಅಠಾರಾ ಕಚೇರಿ. ಹೆಸರು ಹಿಂದುಸ್ತಾನಿ, ಕಂಬ ಗ್ರೀಕ್, ಕಟ್ಟಿಸಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಇದನ್ನು ಯಾರ ಲೆಕ್ಕಕ್ಕೆ ಬರೆಯೋಣ? 1982ರಲ್ಲಿ ಅದನ್ನೂ ಕೆಡವಲು ಹೊರಟಿದ್ದರು. ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಅದು ಇಂದಿಗೂ ನಿಂತಿದೆ.

ಕಾನೂನು ಕಾಯುತ್ತದೆ ಎಂಬ ಭ್ರಮೆ ಬೇಡ. 1958ರ ಕೇಂದ್ರ ಸ್ಮಾರಕ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ನೂರು ವರ್ಷ ದಾಟಿದ್ದನ್ನು. 1935ರ ಚರ್ಚಿಗೆ ಆ ವಯಸ್ಸಾಗುವುದು 2035ಕ್ಕೆ. ಆಮೇಲೂ ಸರಕಾರ ಅಧಿಸೂಚನೆ ಹೊರಡಿಸಬೇಕು. ಅಲ್ಲಿಯವರೆಗೆ ಕಾಯುವವರು ಯಾರು? ನಿತ್ಯ ಬಳಸುವ ಜನ, ಅವರ ಸಮಿತಿ.

ಸಮಿತಿ ಎಂದಾಗ ಕನ್ನಡಿಯ ಮುಂದೆಯೂ ನಿಲ್ಲಬೇಕಾಗುತ್ತದೆ. ನಾವು ನಮ್ಮ ಹಳೆಯ ಮಸೀದಿಗಳಿಗೆ ಮಾಡಿದ್ದೇನು? ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗೋಡೆ ಸಡಿಲಾಗುತ್ತದೆ. ಆಗ ‘ಹಳೆಯದಾಯಿತು’ ಎಂದು ಕೆಡವಿ, ಕಾಂಕ್ರೀಟು ಸುರಿದು, ಟೈಲ್ಸ್ ಅಂಟಿಸಿ, ಚಂದಾ ಕೊಟ್ಟವರ ಹೆಸರು ಕೆತ್ತಿಸಿದ್ದೇವೆ. ಜಾಗ ಸಾಲದೆಂಬುದು ಕೆಲವೆಡೆ ನಿಜವಿರಬಹುದು. ಎಲ್ಲ ಕಡೆ ನಿಜವಲ್ಲ. ದೇವಸ್ಥಾನದ ಕಲ್ಲಿಗೆ ಆಯಿಲ್ ಪೇಂಟ್ ಬಳಿಯುವವರು ಬೇರೆ ಜಾತಿಯವರೇನಲ್ಲ.

ಸುಣ್ಣದ ಗಾರೆ ಬಲ್ಲ ಕೆಲಸಗಾರರು ಕಡಿಮೆಯಾಗುತ್ತಿದ್ದಾರೆ. ಹಳೆಯ ಚರ್ಚೊಂದರ ದುರಸ್ತಿಗೆ ಅಂಥವರು ಬಂದಿದ್ದಾರೆಂದು ತಿಳಿದರೆ, ನಮ್ಮ ಮೊಹಲ್ಲಾದ ಮಸೀದಿ ಸಮಿತಿಯವರು ಗುತ್ತಿಗೆದಾರನನ್ನು ಕರೆಸುವ ಮುಂಚೆ ಅಲ್ಲಿಗೆ ಹೋಗಿ ಅವರ ಕೆಲಸ ನೋಡಿಬರಲಿ. ಫಾದರ್ ಬೇಡವೆನ್ನಲಾರರು.